ತವರಿನ ಬಲದಲ್ಲಿ ನಿಂತ ಮಾಯಾ ರಾಣಿಯರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಾಯಾ ಅರಮನೆಯ ಹೆಣ್ಣುಮಕ್ಕಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಪುಟ್ಟ ಟಿಪ್ಪಣಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಹೆಚ್ಚು ಪತ್ರಗಳು ಬಂದಿವೆ. ಉತ್ತರಕ್ಕೆ ಮೊದಲು ಒಂದು ಮಾತು. ಮಾಯಾ ಜನರದು ಒಂದೇ ಸಾಮ್ರಾಜ್ಯವಾಗಿರಲಿಲ್ಲ. ಊರಿಗೊಬ್ಬ ಅರಸ, ಊರಿಗೊಂದು ವಂಶ. ಇಂದಿನ ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲ, ಬೆಲೀಜ್, ಹೊಂಡುರಾಸ್‌ಗಳಲ್ಲಿ ಈ ಊರುಗಳ ಅವಶೇಷಗಳಿವೆ. ಇಲ್ಲಿ ಬರುವ ರಾಣಿಯರೆಲ್ಲ ಕ್ರಿ.ಶ. 250ರಿಂದ 900ರ ನಡುವಿನವರು.

ಪ್ರಶ್ನೆ: ಮಾಯಾ ರಾಣಿಯರು ನಿಜವಾಗಿ ರಾಜ್ಯ ಆಳಿದರೇ? ಅಥವಾ ಅರಸನ ಪಕ್ಕದಲ್ಲಿ ಕೆತ್ತಿಸಿಕೊಂಡ ಪತ್ನಿಯರು ಮಾತ್ರವೇ? (ಬೇಲೂರಿನ ಪ್ರವಾಸಿ ಮಾರ್ಗದರ್ಶಿಯೊಬ್ಬರು)

ಆಳಿದವರೂ ಇದ್ದರು. ಪಾಲೆಂಕೆಯಲ್ಲಿ ಯೋಲ್ ಇಕ್‌ನಲ್ ಎಂಬಾಕೆ 583ರಿಂದ 604ರವರೆಗೆ ಪಟ್ಟದಲ್ಲಿದ್ದಳು. ತಿಕಾಲ್‌ನಲ್ಲಿ 511ರಲ್ಲಿ ಆರು ವರ್ಷದ ಹುಡುಗಿಗೆ ಪಟ್ಟ ಕಟ್ಟಿದರು. ಯುಕತಾನ್‌ನ ಕೋಬಾದಲ್ಲಿ ಕವೀಲ್ ಅಹಾವ್ ಎಂಬ ರಾಣಿ ಏಳನೇ ಶತಮಾನದಲ್ಲಿ ನಲವತ್ತು ವರ್ಷ ಆಳಿದಳು. ಆಕೆಯ ಶಿಲಾಕಂಬಗಳಲ್ಲಿ ಕಾಲಡಿಯಲ್ಲಿ ಕೈಕಟ್ಟಿದ ಸೆರೆಯಾಳುಗಳಿದ್ದಾರೆ. ಕೋಬಾದಿಂದ ಯಶುನಾ ಊರಿಗೆ ಹೋಗುವ, ನೆಲದಿಂದ ಎತ್ತರಿಸಿ ಸುಣ್ಣದ ಗಾರೆ ಹಾಕಿದ, ಸುಮಾರು 100 ಕಿ.ಮೀ. ಉದ್ದದ ದಾರಿ ಆಕೆಯ ಕಾಲದ್ದೆಂದು ಹಲವು ಸಂಶೋಧಕರ ಅಭಿಪ್ರಾಯ.

ಆದರೆ ಆಳಿದಳೋ ಇಲ್ಲವೋ ಎಂದಷ್ಟೇ ಕೇಳಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಮಾಯಾ ರಾಣಿಯ ಕಲ್ಲು ಎದುರಿಗೆ ಬಂದಾಗ ಮೊದಲು ಕೇಳಬೇಕಾದ್ದು: ಈಕೆಯ ತವರು ಯಾವುದು? ಗಂಡನ ಮನೆಗಿಂತ ಅದು ದೊಡ್ಡದೋ, ಚಿಕ್ಕದೋ? ಆಕೆಯ ಬಿರುದು, ಆಕೆಯ ಕಂಬ ನಿಂತ ಜಾಗ, ಮಗನ ಹಕ್ಕು, ಹೆಚ್ಚುಪಾಲು ಇದರ ಮೇಲೆಯೇ ನಿಂತಿವೆ.

ನರಾಂಹೊ ಊರನ್ನು ನೋಡಿ. 631ರಲ್ಲಿ ಯುದ್ಧದಲ್ಲಿ ಸೋತು, ಮುಂದಿನ ದಶಕಗಳಲ್ಲಿ ಅಲ್ಲಿನ ರಾಜವಂಶ ನೆಲಕಚ್ಚಿತು. 682ರ ಆಗಸ್ಟ್‌ನಲ್ಲಿ ದೋಸ್ ಪಿಲಾಸ್‌ನ ಅರಸನ ಮಗಳು ವಕ್ ಚನ್ ಅಲ್ಲಿಗೆ ಬಂದಳು. ಆಕೆ ಬಂದ ದಿನವನ್ನೇ ರಾಜ್ಯದ ಹೊಸ ಆರಂಭವೆಂಬಂತೆ ಕಲ್ಲಿನಲ್ಲಿ ಬರೆಸಿದ್ದಾರೆ. 688ರ ಜನವರಿಯಲ್ಲಿ ಗಂಡುಮಗು ಹುಟ್ಟಿತು. 693ರಲ್ಲಿ, ಐದು ವರ್ಷಕ್ಕೆ, ಆ ಹುಡುಗನಿಗೆ ಪಟ್ಟವಾಯಿತು. ಅದೇ ವರ್ಷದಿಂದ ನೆರೆಯೂರುಗಳ ಮೇಲೆ ದಂಡಯಾತ್ರೆಗಳು ಶುರು! ಐದು ವರ್ಷದ ಮಗು ದಂಡು ಕಟ್ಟುವುದಿಲ್ಲ, ಆಳುತ್ತಿದ್ದವಳು ತಾಯಿ. 24ನೇ ಸಂಖ್ಯೆಯ ಶಿಲಾಕಂಬದಲ್ಲಿ ಆಕೆ ಸೆರೆಯಾಳಿನ ಮೈಮೇಲೆ ನಿಂತಿದ್ದಾಳೆ. ಅದು ಗೆದ್ದ ಅರಸರು ನಿಲ್ಲುವ ಭಂಗಿ. ಇಷ್ಟಾದರೂ ಆಕೆಗೆ ನರಾಂಹೊದಲ್ಲಿ ಪಟ್ಟಾಭಿಷೇಕವಾದ ದಾಖಲೆ ಇಲ್ಲ, ಆಕೆಯ ಹೆಸರಿನ ಜೊತೆ ಬರುವುದು ದೋಸ್ ಪಿಲಾಸ್‌ನ ಲಾಂಛನ. 741ರಲ್ಲಿ ತೀರಿಕೊಳ್ಳುವವರೆಗೂ ಆಕೆ ತವರಿನ ಹೆಸರಿನಲ್ಲೇ ನಿಂತಳು.

ವಾಕಾ ಎಂಬ ಊರಿನ ಕಬೆಲ್ ರಾಣಿಯದು ಇನ್ನೂ ಸ್ಪಷ್ಟ ಉದಾಹರಣೆ. ಆಕೆ ಆ ಕಾಲದ ಬಲಿಷ್ಠ ರಾಜ್ಯವಾದ ಕಲಕ್ಮುಲ್‌ನ ಸರ್ಪ ವಂಶದ ಮಗಳು. ಅರಸರಿಗೂ ಮೇಲಿನವರಿಗೆ ಸಲ್ಲುವ 'ಕಲೋಮ್ತೆ' ಬಿರುದು ಆಕೆಗಿತ್ತು, ಗಂಡನಿಗಿರಲಿಲ್ಲ. 692ರ ಆಕೆಯ ಶಿಲಾಕಂಬ ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. 2012ರಲ್ಲಿ ವಾಕಾದ ಗೋರಿಯೊಂದರಲ್ಲಿ ಆಕೆಯ ಹೆಸರು ಕೆತ್ತಿದ ಬಿಳಿಕಲ್ಲಿನ ಪುಟ್ಟ ಭರಣಿ ಸಿಕ್ಕಿತು.

ಪ್ರಶ್ನೆ: ಶಿಲ್ಪದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಗೆ ಗುರುತಿಸುತ್ತಾರೆ? ಚಿತ್ರಗಳಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. (ಅರಸೀಕೆರೆಯ ಓದುಗರು)

ಉಡುಪು ನೋಡಿ ತೀರ್ಮಾನಿಸಬೇಡಿ, ಬರಹ ನೋಡಿ. ಹೆಣ್ಣಿನ ಹೆಸರಿನ ಮೊದಲು ಪಕ್ಕಮುಖದ ಹೆಣ್ಣಿನ ತಲೆಯ ಅಕ್ಷರ ಬರುತ್ತದೆ, ಅದರ ಓದು 'ಇಶ್'. ಅದು ಸಿಕ್ಕರೆ ಅನುಮಾನವಿಲ್ಲ.

ಇದನ್ನು ತೋರಿಸಿಕೊಟ್ಟವರು ಮಾಯಾ ಬರಹಗಳ ಸಂಶೋಧಕಿ ತಾತಿಯಾನಾ ಪ್ರೊಸ್ಕುರಿಯಾಕಾಫ್. ಪಿಯೆದ್ರಾಸ್ ನೆಗ್ರಾಸ್ ಊರಿನ ಕಂಬಗಳನ್ನು ಗುಂಪು ಗುಂಪಾಗಿ ಜೋಡಿಸಿದಾಗ, ಒಂದೊಂದು ಗುಂಪಿನ ತಾರೀಖುಗಳೂ ಒಬ್ಬ ಮನುಷ್ಯನ ಆಯುಷ್ಯದೊಳಗೇ ಮುಗಿಯುವುದು ಅವರಿಗೆ ಕಂಡಿತು. ಹಾಗಾದರೆ ಅವು ದೇವರ ಕಥೆಗಳಲ್ಲ. ಹುಟ್ಟು, ಪಟ್ಟ, ಮದುವೆಗಳ ದಾಖಲೆ. 1960ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಿಲುವಂಗಿ ತೊಟ್ಟ ಎಷ್ಟೋ ಆಕೃತಿಗಳನ್ನು ಪುರೋಹಿತರೆಂದೇ ತಿಳಿಯಲಾಗಿತ್ತು. ಅವರು ರಾಣಿಯರು. ಅದೇ ಊರಿನ 3ನೇ ಕಂಬದಲ್ಲಿ 674ರಲ್ಲಿ ಹುಟ್ಟಿ 686ರಲ್ಲಿ, ಹನ್ನೆರಡು ವರ್ಷಕ್ಕೆ, ಮದುವೆಯಾಗಿ ಬಂದ ರಾಣಿ ಪುಟ್ಟ ಮಗಳನ್ನು ಪಕ್ಕದಲ್ಲಿಟ್ಟುಕೊಂಡು ಪೀಠದ ಮೇಲೆ ಕುಳಿತಿದ್ದಾಳೆ. ಇಬ್ಬರ ಹೆಸರೂ ಬರಹದಲ್ಲಿದೆ. ಮಾಯಾ ಕಲೆಯಲ್ಲಿ ತಾಯಿ ಮಗಳು ಹೀಗೆ ಜೊತೆಯಾಗಿ ಕಾಣುವುದು ಬಲು ಅಪರೂಪ.

ಎಡವುವುದು ಎಲ್ಲಿ ಗೊತ್ತೇ? ಹಸಿರುಕಲ್ಲಿನ ಮಣಿ ಪೋಣಿಸಿದ ಬಲೆಯಂಥ ಲಂಗದಲ್ಲಿ. ರಾಣಿಯರು ಅದನ್ನು ತೊಡುತ್ತಿದ್ದರು ನಿಜ, ಆದರೆ ಮೆಕ್ಕೆಜೋಳದ ದೇವರ ವೇಷ ಹಾಕಿದ ಅರಸರೂ ಅದನ್ನೇ ತೊಡುತ್ತಿದ್ದರು. ಕೋಪಾನ್‌ನ 'ಎಚ್' ಕಂಬವನ್ನು ಈ ಲಂಗ ನೋಡಿಯೇ ಬಹುಕಾಲ ಹೆಣ್ಣೆಂದು ಬಗೆದಿದ್ದರು. ಬರಹ ಓದಿದ ಮೇಲೆ ಅದು ಅಲ್ಲಿನ ಹದಿಮೂರನೇ ಅರಸನೆಂದು ತಿಳಿಯಿತು.

ಪ್ರಶ್ನೆ: ರಾಣಿಯೊಬ್ಬಳು ನಾಲಿಗೆಯಲ್ಲಿ ಮುಳ್ಳಿನ ಹಗ್ಗ ಎಳೆದುಕೊಳ್ಳುವ ಚಿತ್ರ ನೋಡಿ ಬೆಚ್ಚಿದೆ. ಅದು ಶಿಕ್ಷೆಯೇ? (ಚಿಕ್ಕಮಗಳೂರಿನ ಪದವಿ ವಿದ್ಯಾರ್ಥಿನಿ)

ಶಿಕ್ಷೆಯಲ್ಲ, ವ್ರತ. ನೀವು ನೋಡಿದ್ದು ಯಶ್ಚಿಲಾನ್ ಊರಿನ 23ನೇ ಕಟ್ಟಡದ 24ನೇ ಸಂಖ್ಯೆಯ ಅಡ್ಡಗಲ್ಲು (ಬಾಗಿಲ ಮೇಲೆ ಅಡ್ಡಲಾಗಿ ಇಡುವ ಕಲ್ಲು). ಮಂಡಿಯೂರಿದವಳು ಕಬಲ್ ಶೋಕ್ ರಾಣಿ. ಎದುರಿಗೆ ಉದ್ದನೆಯ ಪಂಜು ಹಿಡಿದು ನಿಂತವನು ಗಂಡ, 681ರಿಂದ 742ರವರೆಗೆ ಆಳಿದ ಮೂರನೇ ಇತ್ಸಮ್ನಾ ಬಹ್ಲಮ್. ಪಂಜು ಇರುವುದರಿಂದ ಇದು ರಾತ್ರಿ ಅಥವಾ ಕತ್ತಲ ಕೋಣೆಯಲ್ಲಿ ನಡೆದದ್ದೆಂದು ತಿಳಿಯಬೇಕು.

ಕ್ರಮ ಹೀಗೆ: ಮೊದಲು ನಾಲಿಗೆಗೆ ತೂತು. ಅದಕ್ಕೆ ತೊರಕೆ ಮೀನಿನ ಬಾಲದ ಮುಳ್ಳು ಅಥವಾ ಜ್ವಾಲಾಮುಖಿ ಗಾಜಿನ ಅಲಗು. ಆಮೇಲೆ ಮುಳ್ಳು ಸಿಕ್ಕಿಸಿದ ಹಗ್ಗವನ್ನು ತೂತಿನಲ್ಲಿ ಎಳೆಯುವುದು. ರಕ್ತ ತೊಟ್ಟಿಕ್ಕುವುದು ಮರದ ತೊಗಟೆಯಿಂದ ಮಾಡಿದ ಕಾಗದದ ಮೇಲೆ. ಚಿತ್ರದಲ್ಲಿ ರಾಣಿಯ ಮುಂದಿನ ಬುಟ್ಟಿಯಲ್ಲಿ ಆ ಕಾಗದದ ಪಟ್ಟಿಗಳಿವೆ, ತುಟಿಯ ಸುತ್ತ ಚುಕ್ಕೆಗಳಂತೆ ರಕ್ತ ಕೆತ್ತಿದ್ದಾರೆ. ಕೊನೆಗೆ ಕಾಗದವನ್ನು ಕೋಪಲ್ ಎಂಬ ಮರದ ಅಂಟಿನ ಧೂಪದ ಜೊತೆ ಸುಡುತ್ತಿದ್ದರು. ಆ ಹೊಗೆಯ ದಾರಿಯಲ್ಲಿ ಪೂರ್ವಿಕರು ಬರುತ್ತಾರೆಂಬುದು ನಂಬಿಕೆ. ಪಕ್ಕದ 25ನೇ ಕಲ್ಲಿನಲ್ಲಿ ಅದೇ ರಾಣಿಯ ಮುಂದೆ ದೊಡ್ಡ ಸರ್ಪ ಮೇಲೆದ್ದಿದೆ, ಅದರ ಬಾಯಿಂದ ಈಟಿ ಹಿಡಿದ ಯೋಧ ಹೊರಬರುತ್ತಿದ್ದಾನೆ. ಆ ಕಲ್ಲಿನ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದೆ. ಅದರಲ್ಲಿರುವುದು 681ರ ತಾರೀಖು, ಗಂಡನಿಗೆ ಪಟ್ಟವಾದ ದಿನದ್ದು. ಅಂದರೆ ಅರಸನ ಪಟ್ಟದ ದಿನ ಪೂರ್ವಿಕರನ್ನು ಕರೆದವಳು ರಾಣಿ. ಮೂರನೆಯದಾದ 26ನೇ ಕಲ್ಲಿನಲ್ಲಿ ಯುದ್ಧಕ್ಕೆ ಸಜ್ಜಾಗುವ ಗಂಡನ ಎದುರು ಜಾಗ್ವಾರ್ (ಚಿರತೆಯನ್ನು ಹೋಲುವ ಅಲ್ಲಿನ ಕಾಡುಪ್ರಾಣಿ) ಮುಖದ ಶಿರಸ್ತ್ರಾಣ ಹಿಡಿದು ನಿಂತಿದ್ದಾಳೆ.

ರಕ್ತ ಕೊಡುವುದು ಹೆಂಗಸರ ಪಾಲಿಗೆ ಮಾತ್ರ ಬಂದದ್ದಲ್ಲ. ಅರಸರು ಕಿವಿಯಿಂದ, ಜನನಾಂಗದಿಂದ ರಕ್ತ ಕೊಡುತ್ತಿದ್ದರು. ಬೊನಾಂಪಾಕ್‌ನ ಗೋಡೆಚಿತ್ರಗಳಲ್ಲಿ ಅರಮನೆಯ ಹೆಂಗಸರು ಒಟ್ಟಿಗೆ ಕುಳಿತು ನಾಲಿಗೆ ಚುಚ್ಚಿಕೊಳ್ಳುವ ದೃಶ್ಯವಿದೆ, ಅವು 790ರ ದಶಕದವು.

ಪ್ರಶ್ನೆ: ಆ ಅಡ್ಡಗಲ್ಲಿನ ಕಾಲ 709 ಎಂದು ಬರೆದಿದ್ದಿರಿ. ಲೆಕ್ಕ ಮಾಡಿ ತೋರಿಸಿ. (ಹಾಸನದ ಪ್ರೌಢಶಾಲಾ ಗಣಿತ ಶಿಕ್ಷಕರು)

ಸಂತೋಷದಿಂದ. ಕಲ್ಲಿನಲ್ಲಿರುವುದು '5 ಎಬ್, 15 ಮಕ್' ಎಂಬ ತಾರೀಖು. ಮೊದಲನೆಯದು 260 ದಿನಗಳ ಚಕ್ರದ್ದು, ಎರಡನೆಯದು 365 ದಿನಗಳ ಚಕ್ರದ್ದು. ಎರಡೂ ಮತ್ತೆ ಕೂಡುವುದು 18,980 ದಿನಗಳಿಗೊಮ್ಮೆ, ಅಂದರೆ ಸುಮಾರು 52 ವರ್ಷಕ್ಕೆ. ನಮ್ಮ ಅರವತ್ತು ಸಂವತ್ಸರಗಳ ತೊಡಕೇ ಇದು. ಬೇಲೂರು ಶಾಸನದಲ್ಲಿ ಹೇವಿಳಂಬಿ ಎಂದಷ್ಟೇ ಇದ್ದಿದ್ದರೆ ಅದು 1057ಕ್ಕೂ ಹೊಂದುತ್ತಿತ್ತು, 1177ಕ್ಕೂ ಹೊಂದುತ್ತಿತ್ತು. ಶಕ 1039 ಎಂದಿರುವುದರಿಂದ 78 ಕೂಡಿಸಿ 1117 ಎನ್ನುತ್ತೇವೆ. ಅಡ್ಡಗಲ್ಲಿನಲ್ಲಿ ಆ ಅನುಕೂಲವಿಲ್ಲ, ಆದರೆ ಅರಸನ ಹೆಸರಿದೆ. ಈ ತಾರೀಖು 657, 709, 761ರಲ್ಲಿ ಬರುತ್ತದೆ. 681ರಿಂದ 742ರ ಆಳ್ವಿಕೆಯೊಳಗೆ ಕೂರುವುದು 709 ಒಂದೇ.

ಈಗ ಒಂದು ಮೂಲದಿನದಿಂದ ದಿನಗಳನ್ನು ಎಣಿಸುವ ಮಾಯಾ 'ದೀರ್ಘ ಎಣಿಕೆ'ಯಲ್ಲಿ ಅದು 9.13.17.15.12. ಎಡದಿಂದ ಗುಣಿಸಿ:
9 × 1,44,000 = 12,96,000
13 × 7,200 = 93,600
17 × 360 = 6,120
15 × 20 = 300
12 × 1 = 12
ಒಟ್ಟು 13,96,032 ದಿನ. ಇದು ಕ್ರಿ.ಪೂ. 3114ರ ಆಗಸ್ಟ್‌ನ ಮೂಲದಿನದಿಂದ ಕಳೆದ ದಿನಗಳು.

ತಾಳೆ ನೋಡೋಣ. ಮೂಲದಿನ '4 ಅಹಾವ್, 8 ಕುಮ್ಕು'. ಒಟ್ಟನ್ನು 13ರಿಂದ ಭಾಗಿಸಿದರೆ ಶೇಷ 1. 4ಕ್ಕೆ 1 ಕೂಡಿದರೆ 5. 20ರಿಂದ ಭಾಗಿಸಿದರೆ ಶೇಷ 12. ಅಹಾವ್‌ನಿಂದ ಮುಂದಕ್ಕೆ ಹನ್ನೆರಡನೆಯ ಹೆಸರು ಎಬ್. 365ರಿಂದ ಭಾಗಿಸಿದರೆ ಶೇಷ 272. 8 ಕುಮ್ಕು ವರ್ಷದ 348ನೇ ಸ್ಥಾನ; 348 + 272 = 620, ಅದರಲ್ಲಿ 365 ಕಳೆದರೆ 255. ತಿಂಗಳಿಗೆ 20 ದಿನದಂತೆ ಹನ್ನೆರಡು ತಿಂಗಳು ಕಳೆದು ಹದಿಮೂರನೆಯದಾದ ಮಕ್‌ನ 15. ಸರಿಹೋಯಿತು.

ನಮ್ಮ ಕ್ಯಾಲೆಂಡರಿಗೆ ತರಲು 5,84,283 ಕೂಡಿಸಿ. ಬರುವ 19,80,315 ಜೂಲಿಯನ್ ದಿನಸಂಖ್ಯೆ (ಖಗೋಳಜ್ಞರು ಬಳಸುವ, ನಡುವೆ ಕಡಿಯದ ದಿನಗಳ ಎಣಿಕೆ), ಅಂದರೆ ಈಗಿನ ಗ್ರೆಗೋರಿಯನ್ ಲೆಕ್ಕದಲ್ಲಿ 709ರ ಅಕ್ಟೋಬರ್ 26. ಕೆಲವರು 5,84,285 ಕೂಡಿಸುತ್ತಾರೆ, ಅವರ ಪುಸ್ತಕದಲ್ಲಿ ಅಕ್ಟೋಬರ್ 28 ಇರುತ್ತದೆ. ಮಕ್ಕಳು ಎರಡು ಪುಸ್ತಕ ನೋಡಿ ಗೊಂದಲಪಟ್ಟರೆ ಕಾರಣ ಇದು. ಹೆಚ್ಚಿನ ತಪ್ಪು ಆಗುವುದು ಮೂರನೇ ಸ್ಥಾನದಲ್ಲಿ: ಉಳಿದೆಲ್ಲ ಕಡೆ ಇಪ್ಪತ್ತರ ಏರಿಕೆ, ಅಲ್ಲಿ ಮಾತ್ರ 20 × 18 = 360. ಅದನ್ನು 400 ಮಾಡಿಬಿಟ್ಟರೆ ಲೆಕ್ಕ ಶತಮಾನಗಟ್ಟಲೆ ಹಾರುತ್ತದೆ.

ಪ್ರಶ್ನೆ: ಶಾಂತಲೆಗೂ ಈ ರಾಣಿಯರಿಗೂ ಹೋಲಿಕೆ ಹೇಳಬಹುದೇ? (ಶ್ರವಣಬೆಳಗೊಳದ ಓದುಗರು)

ಇಬ್ಬರ ಲೋಕಗಳಿಗೂ ಯಾವ ಸಂಪರ್ಕವೂ ಇರಲಿಲ್ಲ, ಕಾಲದಲ್ಲೂ ನಾಲ್ಕು ಶತಮಾನಗಳ ಅಂತರ. ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಬಲ್ ಶೋಕ್ ಮತ್ತು ಶಾಂತಲೆಯನ್ನು ಅಕ್ಕಪಕ್ಕ ಇಡಬಹುದು, ಇಡಬೇಕು ಕೂಡ. ಯಶ್ಚಿಲಾನ್‌ನ 23ನೇ ಕಟ್ಟಡವನ್ನು ಬರಹಗಳು ರಾಣಿಯ ಮನೆಯೆಂದೇ ಕರೆಯುತ್ತವೆ. ನಿಮ್ಮೂರಿನ ಸವತಿಗಂಧವಾರಣ ಬಸದಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದು, ಆಕೆಯ ಬಿರುದೇ ಅದರ ಹೆಸರು. ಸವತಿಯರೆಂಬ ಆನೆಗಳ ನಡುವೆ ತಾನು ಮದಗಜ ಎಂದು ರಾಣಿ ಕಲ್ಲಿನಲ್ಲಿ ಹೇಳಿಸಬೇಕಾಯಿತೆಂದರೆ ಅರಮನೆಯೊಳಗಿನ ಪೈಪೋಟಿ ಎಂಥದಿರಬೇಕು! ಆದರೂ ವಿಷ್ಣುವರ್ಧನನ ನಂತರ ಪಟ್ಟ ಸಿಕ್ಕಿದ್ದು ಲಕ್ಷ್ಮೀದೇವಿಯ ಮಗ ಒಂದನೇ ನರಸಿಂಹನಿಗೆ.

ಯಶ್ಚಿಲಾನ್‌ನಲ್ಲೂ ಹಾಗೆಯೇ ಆಯಿತು. ಕಬಲ್ ಶೋಕ್ ಸ್ಥಳೀಯ ದೊಡ್ಡ ಮನೆತನದವಳು, ಕಟ್ಟಡವೂ ಶಿಲ್ಪವೂ ಆಕೆಯವು. ಆದರೆ 742ರಲ್ಲಿ ಅರಸ ತೀರಿಕೊಂಡ ಮೇಲೆ ಹತ್ತು ವರ್ಷ ಯಾರಿಗೆ ಪಟ್ಟವೆಂಬುದು ಇತ್ಯರ್ಥವಾಗದೆ, 752ರಲ್ಲಿ ಸಿಂಹಾಸನ ಏರಿದವನು ಕಲಕ್ಮುಲ್‌ನಿಂದ ಬಂದ ಇನ್ನೊಬ್ಬ ಪತ್ನಿಯ ಮಗ, ನಾಲ್ಕನೇ 'ಪಕ್ಷಿ-ಜಾಗ್ವಾರ್' ಎಂಬ ಹೆಸರಿನವನು. ಪಟ್ಟವಾದ ಮೇಲೆ ಆತ ತನ್ನ ತಾಯಿ ನಾಲಿಗೆ ಚುಚ್ಚಿಕೊಳ್ಳುವ ಕಂಬ ಕೆತ್ತಿಸಿದ. ಅದರಲ್ಲಿ ಆಕೆಯ ವೈಭವ ಕಬಲ್ ಶೋಕ್‌ಗೆ ಸರಿಸಮ. ಗಮನಿಸಿ, ಆ ತಾಯಿ ಬದುಕಿದ್ದಾಗಿನ ಕಲ್ಲು ಒಂದೂ ಸಿಕ್ಕಿಲ್ಲ. ಆ ಚಿತ್ರ ಹೇಳುವುದು ತಾಯಿಗೆ ಆಗ ಇದ್ದ ಸ್ಥಾನವನ್ನಲ್ಲ, ಮಗನಿಗೆ ಆಮೇಲೆ ಬೇಕಾದ ಹಕ್ಕನ್ನು. ಶಾಸನ ಯಾರು, ಯಾವಾಗ ಹಾಕಿಸಿದರು ಎಂದು ಕೇಳುವುದು ನಿಮ್ಮ ಬೆಟ್ಟದ ಶಾಸನ ಓದುವವರಿಗೆ ಹೊಸದಲ್ಲ. ಅಲ್ಲೂ ಅದೇ ಕ್ರಮ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕೋಕೊ ಗಿಡ ಹಾಕಿದ್ದೇವೆ. ಮಾಯಾ ಅರಮನೆಯ ಕೋಕೊ ಪಾನೀಯವನ್ನು ರಾಣಿಯರೇ ಮಾಡುತ್ತಿದ್ದರಂತೆ, ಹೇಗೆ? (ಸಕಲೇಶಪುರ ಕಡೆಯ ಬೆಳೆಗಾರರು)

ಹೂಜಿಗಳ ಮೇಲಿನ ಚಿತ್ರಗಳಲ್ಲಿ ಪಾನೀಯ ಹೊಯ್ಯುವವರು ಹೆಂಗಸರು. ಆದರೆ ಹೆಸರು ಬರೆಯದ ಹೆಣ್ಣನ್ನೆಲ್ಲ ರಾಣಿ ಎನ್ನಲಾಗದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಮಾಯಾ ಪಾತ್ರೆಯ ಮೇಲೆ ಒಬ್ಬಾಕೆ ನಿಂತು, ಕೈಯಲ್ಲಿನ ಉದ್ದ ಲೋಟದಿಂದ ಕೆಳಗಿನ ಪಾತ್ರೆಗೆ ಸುರಿಯುತ್ತಿದ್ದಾಳೆ. ಅದು ದೇವತೆಯೊಬ್ಬನ ಅರಮನೆ. ನಮ್ಮಲ್ಲಿ ಕಾಫಿ ಎತ್ತಿ ಹೊಯ್ದು ನೊರೆ ಬರಿಸುವ ಕೈಚಳಕವೇ ಅದು. ಅರಮನೆಗೂ ಕೋಕೊಗೂ ಇದ್ದ ನಂಟು ಆಳವಾದದ್ದು: ಪಾಲೆಂಕೆಯ ಪಕಾಲ್ ದೊರೆಯ ಕಲ್ಲುಪೆಟ್ಟಿಗೆಯ ಬದಿಯಲ್ಲಿ ಆತನ ತಾಯಿ ಸಕ್ ಕುಕ್ ಕೋಕೊ ಮರವಾಗಿ ನೆಲದಿಂದ ಚಿಗುರಿ ಬರುವಂತೆ ಕೆತ್ತಿದ್ದಾರೆ.

ಮನೆಯಲ್ಲಿ ಮಾಡಿ ನೋಡಲು: ಸಿಪ್ಪೆ ಒಡೆದು ತೆಗೆದ ಹಸಿ ಬೀಜವನ್ನು ಲೋಳೆಸಮೇತ ಬಾಳೆಲೆಯಲ್ಲಿ ಮುಚ್ಚಿ 5–6 ದಿನ ಹುಳಿಬರಿಸಿ, ಎರಡು ದಿನಕ್ಕೊಮ್ಮೆ ಮಗುಚಿ. ಕಡಿಮೆ ಬೀಜ ಇಟ್ಟರೆ ರಾಶಿ ಬಿಸಿಯೇರುವುದಿಲ್ಲ, ಒಗರು ಉಳಿಯುತ್ತದೆ. ಆಮೇಲೆ ಬಿಸಿಲಲ್ಲಿ, ಅದುಮಿದರೆ ಸಿಪ್ಪೆ ಚಟ್ಟೆನ್ನುವವರೆಗೆ ಒಣಗಿಸಿ. ಮಳೆಗಾಲದ ಕೊಯ್ಲಿನಲ್ಲಿ ಕೆಡುವುದು ಇಲ್ಲಿಯೇ: ಒಣಗದೆ ಬೂಸ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆವಾಸನೆ ಮೆತ್ತುತ್ತದೆ. ಒಣಬೀಜವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 15–20 ನಿಮಿಷ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ. ಒರಳುಕಲ್ಲನ್ನು ಬಿಸಿನೀರಲ್ಲಿ ತೊಳೆದು ಒರೆಸಿ ಬೆಚ್ಚಗಿರುವಾಗಲೇ ಅರೆಯಿರಿ. ಕಲ್ಲು ತಣ್ಣಗಿದ್ದರೆ ಬೀಜದ ಕೊಬ್ಬು ಕರಗದೆ ಪುಡಿಪುಡಿಯಾಗಿಯೇ ನಿಲ್ಲುತ್ತದೆ. 30 ಗ್ರಾಂ ಅರೆದ ಮುದ್ದೆಗೆ 200 ಮಿ.ಲೀ. ಬೆಚ್ಚನೆ ನೀರು, ಚಿಟಿಕೆ ಒಣಮೆಣಸಿನ ಪುಡಿ, ಬೇಕಿದ್ದರೆ ಒಂದು ಚಮಚ ಹುರಿದ ಮೆಕ್ಕೆಜೋಳದ ಹಿಟ್ಟು. ಹಾಲು, ಸಕ್ಕರೆ ಬೇಡ, ಅವು ಅಲ್ಲಿಗೆ ಹೋದದ್ದು ಸ್ಪೇನಿನವರ ಜೊತೆ. ಎರಡು ಪಾತ್ರೆಗಳ ನಡುವೆ ತೋಳಿನಷ್ಟು ಎತ್ತರದಿಂದ ಮತ್ತೆ ಮತ್ತೆ ಹೊಯ್ಯಿರಿ. ನೊರೆ ನಿಲ್ಲದಿದ್ದರೆ ಅರೆದದ್ದು ತರಿಯಾಗಿದೆ ಎಂದರ್ಥ. ರುಚಿ ಕಹಿ, ಖಾರ.

ಪ್ರಶ್ನೆ: ಶಿಲ್ಪಗಳಲ್ಲಿ ರಾಣಿಯರ ಬಟ್ಟೆಯ ವಿನ್ಯಾಸ ಬೆರಗು ಹುಟ್ಟಿಸುತ್ತದೆ. ಅದನ್ನು ನೇಯ್ದವರು ಯಾರು? (ಕಡೂರಿನ ಓದುಗರು)

ಅರಮನೆಯ ಹೆಣ್ಣುಮಕ್ಕಳೂ ನೇಯುತ್ತಿದ್ದರು. ಒಡತಿಯ ಹೆಸರು ಕೆತ್ತಿದ ಮೂಳೆಯ ನೇಯ್ಗೆ ಕಡ್ಡಿಗಳು ಸಿಕ್ಕಿವೆ. ಮಗ್ಗ ಬಲು ಸರಳ: ಎರಡು ಅಡ್ಡಕೋಲುಗಳ ನಡುವೆ ಹಾಸು, ಒಂದು ಕೋಲು ಮರಕ್ಕೆ, ಇನ್ನೊಂದು ನೇಯುವವಳ ಸೊಂಟದ ಪಟ್ಟಿಗೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ವಾಲುವುದು ಹೆಚ್ಚುಕಡಿಮೆಯಾದರೆ ಅಂಚು ಅಲೆಅಲೆಯಾಗುತ್ತದೆ. ಬಟ್ಟೆಯ ಅಗಲ ಕೈ ಎಟಕುವಷ್ಟೇ, ಆದ್ದರಿಂದ ನಿಲುವಂಗಿಗೆ ಎರಡು ಮೂರು ತುಂಡು ಜೋಡಿಸಿ ಹೊಲಿಯಬೇಕು. ವಜ್ರಾಕಾರದ ಹೂಬಳ್ಳಿಗಳು ಕಸೂತಿಯಲ್ಲ, ನೇಯುವಾಗಲೇ ಹೊಕ್ಕಿನ ಜೊತೆ ಬಣ್ಣದ ಎಳೆ ಸೇರಿಸಿ ಎಬ್ಬಿಸಿದ್ದು. ಇಂದಿಗೂ ಗ್ವಾಟೆಮಾಲ, ಚಿಯಾಪಾಸ್‌ನ ಮಾಯಾ ಹೆಂಗಸರು ಹೀಗೆಯೇ ನೇಯುತ್ತಾರೆ. ಆ ಕಾಲದ ಬಟ್ಟೆ ಮಾತ್ರ ಕಾಡಿನ ತೇವಕ್ಕೆ ಕೊಳೆತುಹೋಗಿ ಚೂರುಪಾರು ಉಳಿದಿದೆ. ಹಾಗಾಗಿ ಕಬಲ್ ಶೋಕ್‌ನ ಕಲ್ಲುಗಳೇ ನಮಗೆ ಅತ್ಯುತ್ತಮ ನಮೂನೆಪುಸ್ತಕ.

ಪ್ರಶ್ನೆ: 'ಕೆಂಪು ರಾಣಿ' ಯಾರು? (ತರೀಕೆರೆಯ ಓದುಗರು)

1994ರಲ್ಲಿ ಪಾಲೆಂಕೆಯ 13ನೇ ಗುಡಿಯಲ್ಲಿ ಸಿಕ್ಕ ಗೋರಿಯ ಹೆಣ್ಣು. ಮೈತುಂಬ ಇಂಗಳೀಕದ ಕೆಂಪು ಪುಡಿ, ಮುಖಕ್ಕೆ ಹಸಿರು ಮ್ಯಾಲಕೈಟ್ ಚೂರುಗಳ ಮುಖವಾಡ. ಗೋರಿಯಲ್ಲಿ ಹೆಸರಿಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ಆಕೆಗೂ ಪಕಾಲ್ ದೊರೆಗೂ ರಕ್ತಸಂಬಂಧ ಕಾಣದ ಕಾರಣ ತಾಯಿಯಲ್ಲವೆಂದಾಯಿತು. 672ರಲ್ಲಿ ತೀರಿಕೊಂಡ ಆತನ ಪತ್ನಿ ತ್ಸಕ್ಬು ಅಹಾವ್ ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ. ಇಂಗಳೀಕ ಪಾದರಸದ ಸಂಯುಕ್ತ, ಹಾಗಾಗಿ ಅಂಥ ಗೋರಿಗಳಲ್ಲಿ ಕೈಗವಸು, ಮುಖಗವಸು ಇಲ್ಲದೆ ಕೆಲಸ ಮಾಡುವಂತಿಲ್ಲ.

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ 24ನೇ ಅಡ್ಡಗಲ್ಲಿನ ಮಾದರಿ ಮಾಡಬೇಕು. ಏನೇನು ಗಮನಿಸಬೇಕು? (ಕೊಪ್ಪದ ಚಿತ್ರಕಲಾ ಶಿಕ್ಷಕಿ)

ಮೂಲ ಸುಮಾರು 110 ಸೆಂ.ಮೀ. ಎತ್ತರ, 78 ಸೆಂ.ಮೀ. ಅಗಲದ ಸುಣ್ಣಕಲ್ಲು. ಅರ್ಧ ಅಳತೆಗೆ 55 × 39 ಇಟ್ಟುಕೊಳ್ಳಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅದನ್ನು ಗೋಡೆಗೆ ನಿಲ್ಲಿಸಿರುವುದರಿಂದ ಎಲ್ಲರೂ ನಿಂತ ಚಿತ್ರವೆಂದೇ ಮಾಡುತ್ತಾರೆ. ಅದು ಬಾಗಿಲ ಮೇಲಿನ ಕಲ್ಲಿನ ತಳಭಾಗ. ಒಳಗೆ ಕಾಲಿಡುವವರು ಕತ್ತೆತ್ತಿದರೆ ಮಾತ್ರ ಕಾಣುತ್ತಿತ್ತು, ಬೇಲೂರಿನ ನವರಂಗದ ಭುವನೇಶ್ವರಿ (ಕೆತ್ತನೆಯ ಒಳಛಾವಣಿ) ನೋಡಿದ ಹಾಗೆ. ನೀವೂ ಬಾಗಿಲ ಚೌಕಟ್ಟು ಮಾಡಿ ಮೇಲಕ್ಕೇ ಕೂರಿಸಿ.

ಮೇಲಕ್ಕೆ ಕೂರಿಸುವುದಾದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ. ಈ ಅಳತೆಯಲ್ಲಿ ಮೂರು ಸೆಂ.ಮೀ. ದಪ್ಪ ಎರೆದರೆ ಆರು ಕೆ.ಜಿ. ದಾಟುತ್ತದೆ, ಮಕ್ಕಳ ತಲೆಯ ಮೇಲೆ ಅಂಥದ್ದು ತೂಗಬಾರದು. ಥರ್ಮಕೋಲ್ ಎರಡು ಪದರ ಫೆವಿಕಾಲ್‌ನಿಂದ ಅಂಟಿಸಿ, ಆಕೃತಿ ಬಿಟ್ಟು ಹಿನ್ನೆಲೆಯನ್ನು ಒಂದೂವರೆ ಸೆಂ.ಮೀ. ತಗ್ಗಿಸಿ, ಮೇಲೆ ಮೈದಾ ಅಂಟಿನಲ್ಲಿ ನೆನೆಸಿದ ಪತ್ರಿಕೆಯ ಚೂರು ಮೂರು ಪದರ ಮೆತ್ತಿ. ರಬ್ಬರ್ ಅಂಟು, ಸ್ಪ್ರೇ ಬಣ್ಣ ಥರ್ಮಕೋಲನ್ನು ಕರಗಿಸುತ್ತವೆ. ಕೊಪ್ಪದ ಮಳೆಯಲ್ಲಿ ಪದರಗಳು ಒಣಗುವುದು ನಿಧಾನ, ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕಿದರೆ ಒಳಗೇ ಬೂಸ್ಟು. ಬೂದುಬಣ್ಣ ಬಳಿದು ನಿಲ್ಲಿಸಬೇಡಿ: ಮೂಲದಲ್ಲಿ ಕೆಂಪು, ನೀಲಿ ಬಣ್ಣದ ಗುರುತುಗಳು ಇನ್ನೂ ಉಳಿದಿವೆ. ಹಗ್ಗದ ಮುಳ್ಳು, ಬುಟ್ಟಿಯ ಕಾಗದ, ಅರಸನ ಪಂಜು, ಈ ಮೂರು ಬಿಟ್ಟುಹೋದರೆ ದೃಶ್ಯ ಅರ್ಥವಾಗದು. ಬೆಳಕನ್ನು ಪಕ್ಕದಿಂದ, ಕೆಳಮಟ್ಟದಲ್ಲಿ ಕೊಡಿ. ನೇರ ಬೆಳಕಿಗೆ ಉಬ್ಬುಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಅಡಿಯಲ್ಲಿ ಬರೆಯುವ ಚೀಟಿಯಲ್ಲಿ ಅರಸನ ಹೆಸರಿಗಿಂತ ಮೊದಲು ಕಬಲ್ ಶೋಕ್ ಎಂದು ಬರೆಯಿರಿ, ಕಟ್ಟಡ ಆಕೆಯದು.